ಸೈಡ್ ಸ್ಟ್ಯಾಂಡ್

"ಸೀಟು ತಗ್ಗು ಅಂಕಲ್, ಎರಡೂ ಕಾಲು ನೆಲಕ್ಕೆ ಎಟುಕುತ್ತೆ. ಕ್ಲಚ್ಚಂತೂ ಬೆಣ್ಣೆ. ಹೊಸದಾಗಿ ಕಲಿಯೋರಿಗೂ ಭಯ ಇಲ್ಲ," ಶೋರೂಮಿನ ಹುಡುಗಿ ಒಂದೇ ಉಸಿರಿಗೆ ಒಪ್ಪಿಸಿದಳು.

ಜೊತೆಗೆ ಬಂದಿದ್ದ ಅವನ ಹೆಂಡತಿ ಟೈಲರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ದುಂಡು ಹೆಡ್‌ಲೈಟು, ಹೊಟ್ಟೆ ಉಬ್ಬಿದ ಟ್ಯಾಂಕು, ನೋಡಲು ಥೇಟ್ ಗಂಡನ ಆ ಹಳೇ ಬೈಕೇ. ಹದಿನೆಂಟು ವರ್ಷದ ಹಿಂದೆ ಅವನ ಬೆನ್ನ ಹಿಂದೆ ಕೂತು ಹೋಗುವಾಗ ಒಂದು ಎಡ ತಿರುವಿನಲ್ಲಿ ಅದರಿಂದ ಬಿದ್ದ ಮೇಲೆ ಅವಳ ಎಡ ಮಂಡಿ ಮಡಚಿದ್ದಿಲ್ಲ. ಹೊಲಿಗೆ ಯಂತ್ರವನ್ನು ಬಲಗಾಲೊಂದರಲ್ಲೇ ತುಳಿಯುತ್ತಿದ್ದಳು. "ಜಲ್ಲಿ ಇತ್ತು ಕಣೇ, ಜಾರಿತು," ಎಂದು ಗಂಡ ಅವತ್ತೇ ಹೇಳಿದ್ದ. ಜಲ್ಲಿ ಸುರಿದವರ ವಂಶಕ್ಕೆಲ್ಲ ಅವಳು ಹಿಡಿಶಾಪ ಹಾಕಿದ್ದಳು. ಈಗ ಕಾರ್ಖಾನೆಯ ಲೇತ್ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಮತ್ತೆ ಬೈಕಿನ ಹುಚ್ಚು. ನೋಡಲು ಬರುತ್ತೇನೆ, ಹಿಂದೆ ಹತ್ತುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿಯೇ ಹೊರಟಿದ್ದಳು.

"ಇನ್ನೊಂದು ಅಂಕಲ್. ಸೈಡ್ ಸ್ಟ್ಯಾಂಡ್ ಎತ್ತೋದು ಮರೆತು ಗೇರ್ ಹಾಕಿದ್ರೆ ಇಂಜಿನ್ ತಾನಾಗೇ ನಿಲ್ಲುತ್ತೆ. ಹಳೇ ಗಾಡಿಗಳು ಹಾಗೇ ಹೊರಟುಬಿಡೋವು. ಎಡಕ್ಕೆ ತಿರುಗಿಸಿದ್ರೆ ಸ್ಟ್ಯಾಂಡು ನೆಲಕ್ಕೆ ತಗುಲಿ ಎತ್ತಿ ಒಗೆಯೋದು."

ಗಂಡ ಬೈಕಿನ ಮೇಲೆ ಕೂತು, ಸ್ಟ್ಯಾಂಡ್ ಇಳಿಸಿ, ಸ್ಟಾರ್ಟ್ ಮಾಡಿ ಗೇರ್ ಹಾಕಿದ. ಇಂಜಿನ್ ನಿಂತಿತು. ಮತ್ತೆ ಮಾಡಿದ. ಮತ್ತೆ ನಿಂತಿತು. ಮೂರನೇ ಸಲಕ್ಕೆ ಹುಡುಗಿ ನಕ್ಕಳು. "ನೂರು ಸಲ ಮಾಡಿದ್ರೂ ಅಷ್ಟೇ ಅಂಕಲ್."

ಅವನು ನಗಲಿಲ್ಲ. ನಾಲ್ಕನೇ ಸಲವೂ ಸ್ಟಾರ್ಟ್ ಮಾಡಿ ಗೇರ್ ಹಾಕಿದ. ಹೆಂಡತಿ ಕೂತ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅವಳಿಗೆ ಆ ಎಡ ತಿರುವು ನೆನಪಾಯಿತು. ಗೋಡೆ ಹಿಡಿದು ಎದ್ದು, ಕುಂಟುತ್ತಾ ಹತ್ತಿರ ಬಂದಳು.

"ರೀ, ಅವತ್ತು ಜಲ್ಲಿ ಇತ್ತಾ?"

ಅವನ ಕಣ್ಣು ಮೀಟರಿನ ಮೇಲೇ ಇತ್ತು.

"ಇರಲಿಲ್ಲ."

ಹುಡುಗಿ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದಳು. ಟೈಲರಮ್ಮನಿಗೆ ಸಿಟ್ಟು ಉಕ್ಕಿತು. ಮಂಡಿ ಹೋದದ್ದಕ್ಕಲ್ಲ, ಹದಿನೆಂಟು ವರ್ಷ ಜಲ್ಲಿಯನ್ನು ಬೈದದ್ದಕ್ಕೆ. ಅವನ ಮುಖ ನೋಡಲಾಗಲಿಲ್ಲ. ಮುಖ ಕಾಣದ ಜಾಗವೆಂದರೆ ಅವನ ಬೆನ್ನ ಹಿಂದಷ್ಟೇ. ಭುಜ ಹಿಡಿದು, ಮಡಚದ ಕಾಲನ್ನು ಚಾಚಿಕೊಂಡು ಅಡ್ಡಡ್ಡಲಾಗಿ ಹತ್ತಿ ಕೂತಳು.

ಅವನು ಸ್ಟ್ಯಾಂಡ್ ಎತ್ತಿ ಸ್ಟಾರ್ಟ್ ಮಾಡಿದ.

"ಎತ್ತಿದೀನಾ, ನೋಡು."

ಅವಳು ಬಗ್ಗಿ ನೋಡಿದಳು. ಸ್ಟ್ಯಾಂಡು ಮೇಲಿತ್ತು. ಅವಳು ಹೇಳಲಿಲ್ಲ. ಇಂಜಿನ್ ಗುಡುಗುಡು ಎನ್ನುತ್ತಿತ್ತು. ಅವನು ಗೇರ್ ಹಾಕದೆ ಕಾಯುತ್ತಿದ್ದ.