ಗೊತ್ತಿಲ್ಲ ಎನ್ನುವ ವಿದ್ಯೆ

ಆ ಕಚೇರಿಯಲ್ಲಿ ಹದಿನಾಲ್ಕು ಮಂದಿ ಪ್ರೋಗ್ರಾಮರ್‌ಗಳಿದ್ದರು; ಕ್ವೆರಿ ಬರೆಯಲು ಬರುತ್ತಿದ್ದುದು ಒಬ್ಬರಿಗೆ ಮಾತ್ರ. ಮಿಕ್ಕವರು ದಡ್ಡರೆಂದು ಯಾರೂ ತಿಳಿಯಬಾರದು. ದಡ್ಡರಾಗಿದ್ದರೆ ಯಾವತ್ತೋ ಕಲಿತುಬಿಡುತ್ತಿದ್ದರು.

ಔಷಧಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಯಾವ ಔಷಧಿ ಯಾರ ಮನೆ ಸೇರಿತು ಎಂಬುದೆಲ್ಲ ಡೇಟಾಬೇಸಿನಲ್ಲಿ ಬಿದ್ದಿರುತ್ತಿತ್ತು. ಅದನ್ನು ಕ್ವೆರಿ ಬರೆದು ನೇರವಾಗಿ ಕೇಳಿ, ಬೇಕಾದ್ದನ್ನಷ್ಟೇ ಹೊರತೆಗೆಯಬಲ್ಲವರು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯ ಹೆಂಗಸು. ಬಲ್ಲವರಾದ್ದರಿಂದ ಎಲ್ಲರ ಕೆಲಸವೂ ಅವರ ತಲೆಗೇ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಬಂದು ನಿಂತಿರುತ್ತಿದ್ದರು. ಹದಿನೆಂಟು ವರ್ಷದಲ್ಲಿ ಅವರಿಗೆ ಬಡ್ತಿ ಸಿಗಲಿಲ್ಲ. ಅವರನ್ನು ಮೇಲಕ್ಕೆ ಕಳಿಸಿದರೆ ಕೆಳಗಿನ ಕೆಲಸ ಮಾಡುವವರು ಯಾರು?

ಇದನ್ನೆಲ್ಲ ಕಣ್ಣಾರೆ ಕಂಡವನು ಪಂಡಿತ. ಹೊಸದಾಗಿ ಬಂದ ಪ್ರತಿಯೊಂದು ತಂತ್ರದ ಮೇಲೂ ಭಾಷಣ ಬಿಗಿಯುತ್ತಿದ್ದುದರಿಂದ ಅವನಿಗೆ ಆ ಹೆಸರು. ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವನೊಂದು ಸೊಗಸಾದ ಕ್ವೆರಿ ಬರೆದಿದ್ದ. ಆ ವಾರವೇ ಎಂಟು ಮಂದಿ ತಮಗೂ ಒಂದು ಬರೆದುಕೊಡು ಎಂದು ಅವನ ಮೇಜಿಗೆ ಬಂದರು. ಒಂಬತ್ತನೆಯದನ್ನು ಬೇಕೆಂದೇ ಕೆಡಿಸಿ ಬರೆದ. ಅರ್ಧ ದಿನ ಸರ್ವರ್ ಕಂಗಾಲಾಯಿತು. "ನಂಗೆ ಅದು ಅಷ್ಟು ಬರಲ್ಲ ಸರ್" ಎಂದು ಬಾಸಿನ ಮುಂದೆ ತಲೆ ತಗ್ಗಿಸಿದ. ಅಂದಿನಿಂದ ನೆಮ್ಮದಿ. ಕ್ವೆರಿಯನ್ನು ತಾನೇ ಬರೆದುಕೊಡುವ ರೆಡಿಮೇಡ್ ಸಲಕರಣೆಯೊಂದಿತ್ತು. ಅದನ್ನು ನಂಬಿಕೊಂಡು ಎರಡು ಬಡ್ತಿಯನ್ನೂ ಪಡೆದ.

ಶುಕ್ರವಾರ ದೊಡ್ಡಮ್ಮ ನಿವೃತ್ತರಾದರು. ಸೋಮವಾರ ಬೆಳಿಗ್ಗೆ ಅಂಗಡಿಗಳಿಂದ ಸುದ್ದಿ ಬಂತು: ಮಕ್ಕಳ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚ್ ಕೆಟ್ಟಿದೆ, ಕೊಂಡವರಿಗೆಲ್ಲ ಕೂಡಲೇ ಫೋನ್ ಮಾಡಬೇಕು, ಪಟ್ಟಿ ಕೊಡಿ.

ಬಾಸು ಪಂಡಿತನ ಕಡೆ ನೋಡಿದರು. ಪಂಡಿತ ಸಲಕರಣೆಯಿಂದ ಪ್ರೋಗ್ರಾಮ್ ಹೆಣೆದು ಓಡಿಸಿದ. ಅದು ಮೂವತ್ತು ಲಕ್ಷ ಬಿಲ್ಲುಗಳನ್ನು ಒಂದೊಂದಾಗಿ ತರಿಸಿ, ನೋಡಿ, ವಾಪಸ್ಸು ಇಡತೊಡಗಿತು. ಮುಗಿಯುವುದು ನಾಳೆ ಮಧ್ಯಾಹ್ನವೆಂದು ಪರದೆ ತೋರಿಸಿತು.

ಅಷ್ಟರಲ್ಲಿ ನೆನಪಾಗಿ ಅಕ್ಕನಿಗೆ ಫೋನ್ ಮಾಡಿದ. ಅವಳ ಮಗನಿಗೆ ಎರಡು ದಿನದಿಂದ ಕೆಮ್ಮು.

"ಆ ಸಿರಪ್ ಮಾತ್ರ ಕೊಡಬೇಡ ಅಕ್ಕ, ಬ್ಯಾಚ್ ಕೆಟ್ಟಿದೆಯಂತೆ."

"ಅಯ್ಯೋ, ಈಗಷ್ಟೇ ಚಮಚ ತಗೊಂಡಿದ್ದೆ ಕಣೋ." ಚಮಚ ಕೆಳಗಿಟ್ಟ ಸದ್ದು ಕೇಳಿಸಿತು. "ನಮಗೆ ಹೇಳೋಕೆ ನೀನಿದೀಯ. ಮಿಕ್ಕ ಮಕ್ಕಳ ಮನೆಗೆ ಯಾರು ಹೇಳ್ತಾರೆ?"

"ನಾಳೆ ಮಧ್ಯಾಹ್ನ" ಎಂದೇ ಪರದೆ ಇನ್ನೂ ತೋರಿಸುತ್ತಿತ್ತು. ಅವನು ಫೋನಿಟ್ಟ. ಇಯರ್‌ಫೋನ್ ಸಿಕ್ಕಿಸಿಕೊಂಡು ದೊಡ್ಡಮ್ಮನಿಗೆ ಫೋನ್ ಹಚ್ಚಿದ.

"ನೀನೇ ಬರಿಯಪ್ಪ" ಎಂದರು ಅವರು.

"ನಂಗೆ ಬರಲ್ಲ ದೊಡ್ಡಮ್ಮ."

"ಬರತ್ತೆ. ಅವತ್ತು ನೀನು ಕೆಡಿಸಿದ್ದನ್ನ ಸರಿ ಮಾಡಿದ್ದು ನಾನೇ ತಾನೆ? ಬಾರದೇ ಇರೋನಿಗೆ ಅಷ್ಟು ನಾಜೂಕಾಗಿ ಕೆಡಿಸೋಕೆ ಆಗಲ್ಲ."

ಪಂಡಿತನ ಕಿವಿ ಬಿಸಿಯಾಯಿತು. "ಗೊತ್ತಿದ್ರೂ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಆ ಉಪಾಯ ನಂಗೆ ಮೊದಲೇ ಹೊಳೀಲಿಲ್ವಲ್ಲ ಅಂತ ಹೊಟ್ಟೆ ಉರೀತಿತ್ತು. ಬರಿ ಈಗ."

ಬೆರಳು ಕೀಲಿಗಳ ಮೇಲಿಟ್ಟ. ಮೊದಲ ಪದ ಬಂತು. ಮುಂದಿನದು ಬರಲಿಲ್ಲ. ಔಷಧಿ, ಬಿಲ್ಲು, ಗಿರಾಕಿ ಎಂಬ ಮೂರು ಟೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವುದು ಹೇಗೆ? ಆರು ವರ್ಷ ನಟಿಸಿ ನಟಿಸಿ ಇದ್ದ ವಿದ್ಯೆಯೂ ನಿಜವಾಗಿಯೇ ಕೈಬಿಟ್ಟು ಹೋಗಿತ್ತು. ಅವನಿಗೆ ಅಳು ಬರುವಷ್ಟು ನಾಚಿಕೆಯಾಯಿತು.

"ದೊಡ್ಡಮ್ಮ, ನೀವೇ ಹೇಳಿ. ನಾನು ಬರ್ಕೋತೀನಿ."

ಅವರು ಒಂದೊಂದೇ ಪದ ಹೇಳಿದರು. ಇವನು ಉಕ್ತಲೇಖನ ಬರೆದಂತೆ ಬರೆದ. ಒಟ್ಟು ಒಂಬತ್ತು ಸಾಲು. ಹನ್ನೊಂದು ಸೆಕೆಂಡಿನಲ್ಲಿ ಇನ್ನೂರ ಹನ್ನೆರಡು ಮನೆಗಳ ಪಟ್ಟಿ ಪರದೆಯ ಮೇಲಿತ್ತು. ಹತ್ತು ನಿಮಿಷದಲ್ಲಿ ಅಂಗಡಿಗಳವರು ಫೋನ್ ಮಾಡಲು ಶುರುವಿಟ್ಟರು. ಅಕ್ಕನ ಹೆಸರು ಏಳನೆಯದಾಗಿತ್ತು. ಅವನು ನೀರು ಕುಡಿದ.

ಬೆನ್ನ ಹಿಂದೆ ಹನ್ನೆರಡು ಮಂದಿ ನಿಂತಿದ್ದರು, ಮುಖದಲ್ಲಿ ಏನೋ ಭಾರ ಇಳಿದ ಕಳೆ. ಇಯರ್‌ಫೋನಿನಲ್ಲಿ ಹಾಡು ಕೇಳುತ್ತಿದ್ದಾನೆಂದೇ ಎಲ್ಲರೂ ತಿಳಿದಿದ್ದರು.

"ಇಷ್ಟು ವರ್ಷ ಮುಚ್ಚಿಟ್ಕೊಂಡಿದ್ರಲ್ಲ ರೀ" ಎಂದರು ಬಾಸು.

"ಇಲ್ಲ ಸರ್, ದೊಡ್ಡಮ್ಮ ಹೇಳಿಕೊಟ್ರು. ನಂಗೆ ನಿಜವಾಗ್ಲೂ ಬರಲ್ಲ."

ಆರು ವರ್ಷದ ಹಿಂದೆ ಇದೇ ಮಾತನ್ನು ಸುಳ್ಳಾಗಿ ಹೇಳಿದಾಗ ಬಾಸು ಒಂದೇ ಸಲಕ್ಕೆ ನಂಬಿದ್ದರು. ಈಗ ಅವರು ಗಟ್ಟಿಯಾಗಿ ನಕ್ಕರು. ಹನ್ನೆರಡು ಮಂದಿಯೂ ನಕ್ಕರು.

"ಇದೇ ನೋಡ್ರಪ್ಪ ವಿನಯ ಅಂದ್ರೆ" ಎಂದು ಬಾಸು ಅವನ ಬೆನ್ನು ತಟ್ಟಿ, ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡು ಕೂತರು. "ಈಗ ಮುಂದಿನ ಕ್ವೆರಿ ತಗೊಳ್ಳಿ."