ಕೀರಲು ದನಿ

ನನ್ನ ದನಿ ಕೀರಲು. ಇದನ್ನು ನಾನು ಹೇಳಿಕೊಳ್ಳಬೇಕಿಲ್ಲ, ಓಣಿಯೇ ಹೇಳುತ್ತದೆ. ಬೋಗುಣಿಯ ತಳ ಕೆರೆದರೆ ಕೀರಲು, ಎಣ್ಣೆ ಕಾಣದ ಗೇಟು ಕೀರಲು, ಆಮೇಲೆ ನಾನು, ಸುರೈಯಾ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಚಾಂದಬಿ ಕಿವಿಗೆ ಅರಳೆ ಇಟ್ಟುಕೊಂಡರು. ಇಟ್ಟುಕೊಳ್ಳಲಿ, ನಾನೇನೂ ದನಿ ಬದಲಿಸಲಿಲ್ಲ.

ಗೋಳಗುಮ್ಮಟದ ಎದುರು ನಮ್ಮದು ಆಟಿಕೆ ಅಂಗಡಿ. ಗಿರಾಕಿ ಕರೆಯಲು ಗಂಡ ಅಯೂಬ ದಿನವಿಡೀ ಸೀಟಿ ಊದುತ್ತಾನೆ. ಮಗಳು ಸುಮಯ್ಯಾಳ ತೊಟ್ಟಿಲು ಅಲ್ಲೇ, ಸೀಟಿಗಳ ಗೊಂಚಲಿನ ಕೆಳಗೆ ಕಟ್ಟಿದ್ದೆವು. ಬಂದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರೂ ನಮ್ಮದು ನಿದ್ದೆಯಲ್ಲಿ ಮಿಸುಕುತ್ತಿರಲಿಲ್ಲ. "ನಮ್ಮ ಕೂಸಿಗೆ ಸೀಟೀನೇ ಜೋಗುಳ ಆಗೇತಿ ನೋಡ್ರಿ" ಎಂದು ಅತ್ತೆ ಎಲ್ಲರಿಗೂ ಹೇಳಿ ಹಿಗ್ಗುತ್ತಿದ್ದರು. ನಾವೂ ಹಿಗ್ಗಿದೆವು. ನಮ್ಮ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಮಗಳಿಗೆ ಎರಡು ವರ್ಷ ತುಂಬಿತು. ಅಯೂಬನ ಒಂದು ಮಾತಿಗೆ ಓಡುವ ಮಗು ನಾನು ಕರೆದರೆ ತಿರುಗುತ್ತಿರಲಿಲ್ಲ. ಅಪ್ಪನ ಮಗಳೆಂದು ಎಲ್ಲರೂ ನಕ್ಕರು. ಹಟ ಹಿಡಿದು ಜಲನಗರದ ಕಿವಿ ಡಾಕ್ಟರ ಹತ್ತಿರ ಒಯ್ದೆ.

ಡಾಕ್ಟರು ಅವಳ ಬೆನ್ನ ಹಿಂದೆ ಪುಟ್ಟ ಡೋಲು ಬಾರಿಸಿದರು, ತಿರುಗಿದಳು. ಗೆಜ್ಜೆ ಅಲ್ಲಾಡಿಸಿದರು, ಇಲ್ಲ. ದಪ್ಪ ಸಪ್ಪಳ ಕೇಳುತ್ತದೆ, ಕೀರಲು ದನಿ ಕೇಳುವುದಿಲ್ಲ, ಹುಟ್ಟಿನಿಂದಲೇ ಹೀಗೆ ಎಂದರು. ಕಿವಿಗೆ ಮಷೀನು ಹಾಕಿ ನೋಡೋಣ, ಖಾತ್ರಿ ಕೊಡಲಾರೆ ಎಂದರು.

"ಅಂದ್ರ ನನ್ನ ದನಿ ಒಂದ ಸಲನೂ ಕೇಳಿಲ್ಲೇನ್ರಿ ಆಕಿ?"

ಕೇಳಿರಲಿಕ್ಕಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅಯೂಬ ಅಂಗಡಿಗೆ ಹೋಗಿದ್ದ. ಮಗಳ ಬೆನ್ನ ಹಿಂದೆ ಕೂತು ಕರೆದೆ. ಚೀರಿದೆ. ಪಕ್ಕದ ಮನೆಯ ರುಕ್ಮವ್ವ ಗಾಬರಿಯಾಗಿ ಕಿಟಕಿಗೆ ಓಡಿಬಂದಳು. ಸುಮಯ್ಯಾ ಬಟ್ಟಲು ಉರುಳಿಸುತ್ತ ಕೂತೇ ಇದ್ದಳು. ಯಾ ಅಲ್ಲಾ, ಓಣಿಗೆಲ್ಲ ಕೇಳುವ ದನಿ ಕೊಟ್ಟು ಇವಳೊಬ್ಬಳಿಗೆ ಯಾಕೆ ಕೇಳಿಸದ ಹಾಗೆ ಮಾಡಿದೆ?

ಕೊನೆಗೆ ಗದ್ದವನ್ನು ಎದೆಗೆ ಒತ್ತಿ, ಗಂಟಲು ಬಿಗಿಹಿಡಿದು, ಗಂಡಸಿನ ಹಾಗೆ ದನಿ ದಪ್ಪ ಮಾಡಿ ಕರೆದೆ. ಗಂಟಲು ಉರಿಯಿತು, ಕೆಮ್ಮು ಬಂತು. ಬಿಡಲಿಲ್ಲ, ಇನ್ನೂ ಕೆಳಗಿಳಿಸಿದೆ.

"ಸುಮಯ್ಯಾ, ಬಾ ಬೇಟಾ."

ಬಟ್ಟಲು ನಿಂತಿತು. ಮಗಳು ತಿರುಗಿದಳು, ಮುಖ ಅರಳಿತು. ನಾನು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಓಡಿಹೋಗಿ, ಅಬ್ಬಾ ಅಬ್ಬಾ ಎಂದು ಅಪ್ಪನನ್ನು ಕರೆಯುತ್ತ ಮುಚ್ಚಿದ ಬಾಗಿಲು ಬಡಿಯತೊಡಗಿದಳು.