ಬೀಗರ ಊಟಕ್ಕೆ ಟೋಕನ್ನು

ಅಕ್ಕಿಹೆಬ್ಬಾಳಿನ ಸಂತೋಷ ಮೈಸೂರಿನ ಒಂದು ಕಾಲೇಜಿನಲ್ಲಿ ಎಂಟೆಕ್ ಓದುತ್ತಿದ್ದ. ವಿಷಯ, ಆಪರೇಷನ್ಸ್ ರಿಸರ್ಚ್. ಊರಿನಲ್ಲಿ ಯಾರಾದರೂ ಅದೇನೆಂದು ಕೇಳಿದರೆ, ಇರುವ ಜನ, ಇರುವ ಸಾಮಾನಿನಲ್ಲೇ ಕೆಲಸ ಬೇಗ ಮುಗಿಸುವ ಗಣಿತ ಎನ್ನುತ್ತಿದ್ದ.

"ಅಂಗಾರೆ ನಮ್ಮವ್ವನೂ ಅದ್ನೇ ಓದವ್ಳೆ ಬುಡು" ಎಂದಿದ್ದರು ದೊಡ್ಡಪ್ಪ ಕೆಂಪಣ್ಣ.

ಅವನ ಪ್ರಬಂಧ ಸಾಲುಗಳ ಬಗ್ಗೆ. ಜನ ಎಷ್ಟು ಹೊತ್ತು ಕಾಯುತ್ತಾರೆ, ಅದನ್ನು ಹೇಗೆ ತಗ್ಗಿಸಬಹುದು, ಇಷ್ಟೇ. ಎಂಬತ್ತು ಪುಟ ಸೂತ್ರಗಳಿದ್ದವು, ಜನ ಒಬ್ಬರೂ ಇರಲಿಲ್ಲ. ಸೋಮವಾರ ನಿಜವಾದ ಸಾಲಿನ ಅಂಕಿಅಂಶ ತರದಿದ್ದರೆ ಇನ್ನೊಂದು ವರ್ಷ ಇಲ್ಲೇ ಕೂತಿರು ಎಂದುಬಿಟ್ಟರು ಗೈಡು. ಪುಣ್ಯಕ್ಕೆ ಭಾನುವಾರವೇ ತಂಗಿ ರಮ್ಯಳ ಮದುವೆಯ ಬೀಗರ ಊಟವಿತ್ತು.

ಆರುನೂರು ಜನ, ನೂರು ಕುರ್ಚಿ. ಉಣ್ಣುವವನ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತು, ಅವನು ಮೂಳೆ ಚೀಪುವುದನ್ನು ಮೇಲಿನಿಂದ ನೋಡುತ್ತಾ, ಎಲೆ ಮಡಚುವವರೆಗೂ ಅಲುಗದಿರುವುದು ನಮ್ಮ ಕಡೆಯ ಹಳೆಯ ವಿದ್ಯೆ. ಸಂತೋಷನಿಗೆ ಇದು ಅನಾಗರಿಕವಾಗಿ ಕಂಡಿತು. ಟೋಕನ್ ಅಚ್ಚು ಹಾಕಿಸಿದ, ಮೈಕು ತರಿಸಿದ, ಬಾಗಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತ. ಮೊದಲು ಬಂದವರಿಗೆ ಮೊದಲು ಊಟ.

ಮೊದಲು ಬಂದವರು ಯಾರು? ಊರಿನವರೇ. ಬೆಳಗಿನ ತಿಂಡಿ ಬಿಟ್ಟು, ಹನ್ನೊಂದಕ್ಕೇ ಬಂದು ನಾನೂರು ಟೋಕನ್ ಹಂಚಿಕೊಂಡುಬಿಟ್ಟಿದ್ದರು. ಹೊಣಕೆರೆಯಿಂದ ಬೀಗರ ಬಸ್ಸುಗಳು ಒಂದು ಗಂಟೆಗೆ ಬಂದಾಗ ರಮ್ಯಳ ಅತ್ತೆ ಸೋಮಮ್ಮನವರ ಕೈಗೆ ಸಿಕ್ಕಿದ್ದು ನಾನೂರ ಒಂದು.

ಮೂವತ್ತು ವರ್ಷದಿಂದ ಹೆಗಲಿಗೆ ಟವಲ್ ಹಾಕಿಕೊಂಡು ಪಂಕ್ತಿ ಕೂರಿಸಿದ ಕೆಂಪಣ್ಣನವರಿಗೆ ತಡೆಯಲಾಗಲಿಲ್ಲ. "ಲೇ, ಬೀಗ್ರನ್ನ ಮೊದ್ಲು ಕೂರ್ಸ್ಲಾ!"

"ಅದು ಪ್ರಯಾರಿಟಿ, ದೊಡ್ಡಪ್ಪ. ಐದನೇ ಅಧ್ಯಾಯ. ನಾನಿನ್ನೂ ಮೂರರಲ್ಲಿ ಅವ್ನಿ."

"ನಿನ್ ತಂಗಿ ಬಾಳಾಟ ಎಷ್ಟ್ನೇ ಅದ್ಯಾಯ್ದಲ್ಲಿ ಬತ್ತದ್ಲಾ?"

ಎರಡೂವರೆಗೆ ಮೈಕು ಮುನ್ನೂರ ತೊಂಬತ್ತು ಎಂದು ಕೂಗಿತು. ಸೋಮಮ್ಮ ಎದ್ದು ಬಂದು ಟೋಕನ್ನನ್ನು ಕೀಬೋರ್ಡಿನ ಮೇಲಿಟ್ಟರು.

"ಇನ್ನ ಅನ್ನೊಂದೇ ನಂಬ್ರು ಅತ್ತೆ..." ಎಂದ ಸಂತೋಷ.

"ನಾವು ರೇಷನ್ ಅಂಗ್ಡಿಗ್ ಬಂದಿದ್ದೀವೇನಪ್ಪ? ನಡೀರಿ ಎಲ್ಲ, ಬಸ್ ಅತ್ತಿ."

ಇನ್ನೂರು ಜನ ಎದ್ದು ನಡೆದರು. ರಮ್ಯ ಓಡಿ ಬಂದಳು. "ಅಣ್ಣ, ಅತ್ತೆ ಉಣ್ದೆ ಓದ್ರೆ ನಾನು ಆ ಮನೇಲಿ ಎಂಗ್ ತಲೆ ಎತ್ಲಿ?"

ಸಂತೋಷನಿಗೆ ಕೇಳಿಸಿತು. ಕಣ್ಣು ಮಾತ್ರ ಪರದೆಯ ಮೇಲಿತ್ತು. ಉಳಿದ ಊರಿನವರೂ ಕುಳಿತಾಗಿತ್ತು. ಕಾಯುತ್ತಿರುವವರು ಸೊನ್ನೆ, ಕಾಯುವ ಸಮಯ ಸೊನ್ನೆ. ನಾಚಿಕೆಗೇಡಿನ ಮಾತು, ಆದರೂ ಹೇಳಲೇಬೇಕು: ಅವನು ಮೊದಲು ಪರದೆಯ ಫೋಟೊ ತೆಗೆದುಕೊಂಡ. ಆಮೇಲೆ ಓಡಿದ.

ಬಸ್ಸಿನ ಮುಂದೆ ಕೈ ಮುಗಿದು ನಿಂತ. ಸೋಮಮ್ಮ ಕಿಟಕಿಯಿಂದ ಅವನನ್ನೂ, ಅವನ ಪಕ್ಕ ಅಳುತ್ತಿದ್ದ ಸೊಸೆಯನ್ನೂ ನೋಡಿದರು.

"ಉಣ್ತೀವಿ. ಆದ್ರೆ ನನ್ ಕುರ್ಚಿ ಇಂದ್ಗಡೆ ನೀನು ನಿಂತ್ಕೋಬೇಕು. ನಾನು ಏಳೋಗಂಟ."

ಸಂತೋಷ ಕುರ್ಚಿ ಹಿಡಿದು ನಿಂತ. ಸೋಮಮ್ಮ ಮುದ್ದೆ ಮುರಿದರು. ನಲ್ಲಿಮೂಳೆ ಎರಡು ಸಲ ಕೇಳಿದರು. ಪಕ್ಕದವರ ಜೊತೆ ಕಬ್ಬಿನ ಕಟಾವಿನ ಮಾತು ತೆಗೆದು ಅದನ್ನೂ ಮುಗಿಸಿದರು. ಎಲೆ ಮಡಚಿದರು, ಏಳಲಿಲ್ಲ. ಕುಳಿತಲ್ಲೇ ಎಲೆಅಡಿಕೆ ಜಗಿದರು. ರಮ್ಯ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅದನ್ನು ನೋಡಿ ಸಂತೋಷನ ಜೀವ ತಂಪಾಯಿತು, ಕಾಲು ಮಾತ್ರ ಉರಿಯುತ್ತಿತ್ತು.

"ಬರ್ಕೊಳ್ಲಾ, ಐವತ್ತೆಲ್ಡು ನಿಮ್ಸ" ಎಂದರು ಕೆಂಪಣ್ಣ.

"ಈಗ ನೀನ್ ಕೂತ್ಕೊಳಪ್ಪ" ಎಂದು ಸೋಮಮ್ಮ ಕುರ್ಚಿ ಬಿಟ್ಟುಕೊಟ್ಟರು. ಅಷ್ಟರಲ್ಲಿ ಪಾತ್ರೆಯಲ್ಲಿ ಉಳಿದದ್ದು ಅನ್ನ, ತಿಳಿಸಾರು.

ಸೋಮವಾರ ಗೈಡು ಸೊನ್ನೆಯನ್ನು ನೋಡಿ ಬೆನ್ನು ತಟ್ಟಿದರು. ಕೊನೆಯ ಸಾಲಿನಲ್ಲಿದ್ದ ಐವತ್ತೆರಡರ ಹತ್ತಿರ ಬೆರಳಿಟ್ಟು, "ಇದ್ಯಾವುದೋ ತಪ್ಪಾಗಿ ಬಂದಿದೆ, ಅಳಿಸಿಬಿಡು" ಎಂದರು.

ಸಂತೋಷ ಅಳಿಸಿದ. ಮಂಡಿನೋವು ಗುರುವಾರದವರೆಗೂ ಇತ್ತು.